ಚಂದ್ರನ ಕಲ್ಲಿಗೆ ತಾಗಿದ ಸುರ್ಮಾ

ಈ ಬರಹದಲ್ಲಿ ಕುಂದುಗಳಿರುತ್ತವೆ ಎಂಬ ಅಳುಕಿನಿಂದಲೇ ಆರಂಭಿಸುತ್ತಿದ್ದೇನೆ. ನಾನು ಕಲಿತ ವಿಜ್ಞಾನ ಇಂಗ್ಲಿಷಿನದು, ಮನೆಯ ಮಾತು ಬ್ಯಾರಿ, ಕನ್ನಡ ನನಗೆ ಶಾಲೆಯಲ್ಲಿ ಸಿಕ್ಕಿದ ಭಾಷೆ. ಪಾಣೆಮಂಗಳೂರಿನ ನಮ್ಮ ಮನೆಯವರ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಬರೆಯುವಾಗ ಅವರ ದನಿ ಎಷ್ಟು ಉಳಿದಿದೆಯೋ ತಿಳಿಯದು. ತಪ್ಪು ಹೇಳುವುದಕ್ಕಿಂತ ಹೇಳದಿರುವುದೇ ಲೇಸೆಂದು ಬಹಳ ವರ್ಷ ಸುಮ್ಮನಿದ್ದೆ. ಆದರೆ ನನ್ನ ಮೊದಲ ತಪ್ಪು ನಡೆದದ್ದೇ ಸುಮ್ಮನಿದ್ದುದರಿಂದ. ಮೂಡುಬಿದಿರೆಯ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ನಾನು ಬಾಯಿ ತೆರೆದು ಒಂದೇ ಒಂದು ವಾಕ್ಯ ಹೇಳಿದ್ದರೆ ಇದನ್ನು ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಬಾಪ, ಎಂದರೆ ನನ್ನ ತಂದೆ, ತಕ್ಕಡಿ ರಿಪೇರಿಯವರು. ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮನೆಯ ಎದುರಿನ ಜಗಲಿಯೇ ಅವರ ಅಂಗಡಿ. ಸರಕಾರಿ ಮುದ್ರೆ ಹಾಕಿಸುವ ದಿನಗಳು ಹತ್ತಿರ ಬಂದಾಗ ಬಂಟ್ವಾಳ, ಮೆಲ್ಕಾರ್ ಕಡೆಯ ವ್ಯಾಪಾರಿಗಳು ತಮ್ಮ ತಕ್ಕಡಿಗಳನ್ನೂ ಕಬ್ಬಿಣದ ತೂಕದ ಕಲ್ಲುಗಳನ್ನೂ ತಂದು ಅವರ ಮುಂದೆ ಇಡುತ್ತಿದ್ದರು. ತೂಕದ ಕಲ್ಲಿನ ಅಡಿಯಲ್ಲಿ ಒಂದು ಕುಳಿ ಇರುತ್ತದೆ. ಸವೆದು ಹಗುರವಾದ ಕಲ್ಲಿನ ಕುಳಿಗೆ ಸೀಸ ಕರಗಿಸಿ ಹೊಯ್ದು, ಕೆರೆದು, ಸರಿಯಾದ ತೂಕಕ್ಕೆ ತರುವುದು ಅವರ ಕೆಲಸ. ನಾಲ್ಕನೆಯ ತರಗತಿ ದಾಟದ ಅವರ ಕೈ ತೂಕದಲ್ಲಿ ತಪ್ಪಿದ್ದನ್ನು ನಾನು ಕಂಡಿಲ್ಲ. ನಮ್ಮ ಕುಟುಂಬದಲ್ಲಿ, ಗಂಡಸರನ್ನೂ ಸೇರಿಸಿ, ಪದವಿ ಪಡೆದವರಲ್ಲಿ ನಾನೇ ಮೊದಲಿಗಳು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ರಸಾಯನಶಾಸ್ತ್ರ ಮತ್ತು ಭೂವಿಜ್ಞಾನ. ಒಂದು ದಿನ ಪ್ರಾಯೋಗಿಕ ತರಗತಿಯಲ್ಲಿ ಉಪನ್ಯಾಸಕರು ಖನಿಜಗಳ ತುಂಡುಗಳನ್ನು ಒಬ್ಬೊಬ್ಬರ ಕೈಗೂ ದಾಟಿಸಿದರು. ಅದರಲ್ಲೊಂದು ಗಾತ್ರಕ್ಕೆ ಮೀರಿದ ಭಾರದ, ಬೂದು ಬಣ್ಣದ, ಹೊಳೆಯುವ ಕಲ್ಲು. ಒಡೆದರೆ ಪುಟ್ಟ ಚೌಕಗಳಾಗಿಯೇ ಒಡೆಯುವಂಥದು. "ಇದು ಗ್ಯಾಲಿನಾ. ಸೀಸದ ಅದಿರು," ಎಂದರು. ಅದು ಅಂಗೈಗೆ ಬಿದ್ದ ಕೂಡಲೇ ನನಗೆ ಗುರುತು ಸಿಕ್ಕಿತು. ಅದು ಉಮ್ಮನ, ಎಂದರೆ ನನ್ನ ತಾಯಿಯ, ಸುರ್ಮಾ ಕಲ್ಲು.

ಸುರ್ಮಾ ಎಂದರೆ ಕಣ್ಣಿಗೆ ಹಚ್ಚುವ ಕಪ್ಪು ಪುಡಿ. ಅಜ್ಜ ಹಜ್ಜಿನಿಂದ ತಂದಿದ್ದ ಒಂದು ಮುಷ್ಟಿ ಗಾತ್ರದ ಕಲ್ಲನ್ನು ಉಮ್ಮ ತುಂಡು ತುಂಡಾಗಿ ಒಡೆದು, ಪನ್ನೀರು ಬೆರೆಸಿ, ದಿನಗಟ್ಟಲೆ ಅರೆದು ಅದನ್ನು ತಯಾರಿಸುತ್ತಿದ್ದರು. ಶುಕ್ರವಾರ ಮಿಂದು, ನಮಾಝಿಗೆ ಮೊದಲು ಮನೆಯವರೆಲ್ಲರ ಕಣ್ಣಿಗೂ ಅದು ಬೀಳಲೇಬೇಕು. ಇದನ್ನು ತರಗತಿಯಲ್ಲಿ ಹೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂದಿತು. ಆದರೆ ಅಡುಗೆಕೋಣೆಯ ಸಂಗತಿಯನ್ನು ಪ್ರಯೋಗಾಲಯದಲ್ಲಿ ಹೇಳಿ ನಗೆಗೀಡಾಗುವ ಧೈರ್ಯ ನನಗಿರಲಿಲ್ಲ. ಸಂಜೆ ಗ್ರಂಥಾಲಯದಲ್ಲಿ ನಿಘಂಟು ತೆರೆದು ನೋಡಿದೆ. ಸುರ್ಮಾ ಎಂದರೆ ಆಂಟಿಮೊನಿ ಎಂಬ ಬೇರೆಯೇ ಲೋಹ ಎಂದು ಬರೆದಿತ್ತು. ಅಚ್ಚಾದದ್ದು ತಪ್ಪಿರಲಾರದು, ನನ್ನ ಅಂಗೈಯೇ ತಪ್ಪಿರಬೇಕು ಎಂದುಕೊಂಡೆ. ಬಾಯಿ ತೆರೆಯದಿದ್ದುದಕ್ಕೆ ಸಮಾಧಾನವೂ ಆಯಿತು.

ಅದೇ ಕಾಲೇಜಿಗೆ ಒಮ್ಮೆ ಭೂರಸಾಯನ ವಿಜ್ಞಾನಿಯೊಬ್ಬರು ಉಪನ್ಯಾಸಕ್ಕೆ ಬಂದರು. ಮಂಗಳೂರು ಕಡೆಯ ಕೊಂಕಣಿ ಮನೆಮಾತಿನವರು. ಉತ್ತರದ ದೂರದ ಊರೊಂದರ ಸಂಶೋಧನಾಲಯದಲ್ಲಿ ಚಂದ್ರನ ಕಲ್ಲುಗಳನ್ನೂ ಭೂಮಿಯ ಆಳದ ವಜ್ರಗಳನ್ನೂ ಪರೀಕ್ಷಿಸುತ್ತಿದ್ದರು. ಅವರನ್ನು ಮುಂದೆ ನಾನು ಮೇಡಂ ಎಂದೇ ಕರೆದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

"ಒಳಗೆ ಕಪ್ಪು ಚುಕ್ಕೆ ಇರುವ ವಜ್ರವನ್ನು ಚಿನ್ನದಂಗಡಿಯವರು ಬೇಡ ಅಂತಾರೆ," ಎಂದರು ಅವರು. "ನನಗೆ ಅದೇ ಬೇಕು. ವಜ್ರ ಅಂದ್ರೆ ಒಂದು ಗಟ್ಟಿ ಪೆಟ್ಟಿಗೆ, ಅಷ್ಟೆ. ಎಷ್ಟೋ ಆಳದ ಒಂದು ಕಣ ಅದರೊಳಗೆ ಕೂತು ಮೇಲೆ ಬಂದಿರ್ತದೆ. ಪೆಟ್ಟಿಗೆ ಒಡೆದು ಕಣವನ್ನು ಮಾತಾಡಿಸಬೇಕು."

"ಮತ್ತೆ ಚಂದ್ರ ಎಂತಕ್ಕೆ ಮೇಡಂ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಅವೆರಡಕ್ಕೂ ಸಂಬಂಧ ಉಂಟಾ ಇಲ್ಲವಾ ಅಂತ ನೋಡ್ಲಿಕ್ಕೆ. ಚಂದ್ರ ನಮ್ಮ ಭೂಮಿಯಿಂದಲೇ ಸಿಡಿದು ಹೋದ ತುಂಡಾ, ಅಲ್ಲ ಬೇರೆ ಮನೆಯವನಾ?"

ಸೀಸದಲ್ಲಿ ಹಲವು ತೂಕದ ಪರಮಾಣುಗಳು ಬೆರೆತಿರುತ್ತವೆ. ಅವು ಬೆರೆತಿರುವ ಪ್ರಮಾಣ ಒಂದೊಂದು ಕಲ್ಲಿಗೂ ಬೇರೆ ಬೇರೆ, ಮನುಷ್ಯರ ಬೆರಳಚ್ಚಿನಂತೆ. ವಜ್ರದೊಳಗಿನ ಕಣದ ಸೀಸಕ್ಕೂ ಚಂದ್ರನ ಕಲ್ಲಿನ ಸೀಸಕ್ಕೂ ಒಂದು ನಂಟು ಸಿಗುವುದೇ ಎಂಬುದು ಅವರ ಜೀವನದ ಪ್ರಶ್ನೆಯಾಗಿತ್ತು. ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಅವರಿಗೆ ಪತ್ರ ಬರೆದೆ. ಪಿಎಚ್.ಡಿ. ವಿದ್ಯಾರ್ಥಿನಿಯಾಗಿ ಬರಲು ಕರೆದರು.

ಮನೆಯಲ್ಲಿ ಹದಿನೈದು ದಿನ ಮಾತುಕತೆ ನಡೆಯಿತು. ಚಿಕ್ಕಪ್ಪಂದಿರು ಬೇಡವೆಂದರು. ಕೊನೆಗೆ ಬಾಪ ತಕ್ಕಡಿಯ ಮುಳ್ಳನ್ನು ಒರೆಸುತ್ತಾ ತೀರ್ಮಾನ ಹೇಳಿದರು: "ಹೋಗು. ಡಾಕ್ಟರ್ ಆಗಿಯೇ ಬಾ. ನೀನು ಗೆದ್ದು ಬಂದರೆ ಇವಳನ್ನೂ ಕಾಲೇಜಿಗೆ ಕಳಿಸ್ತೇನೆ. ಯಾರು ಬಾಯಿ ಹಾಕ್ತಾರೆ ನೋಡುವ. ಸೋತು ಬಂದರೆ ನನ್ನ ಹತ್ತಿರ ಜವಾಬು ಇಲ್ಲ, ಮಗಳೇ."

'ಇವಳು' ಎಂದರೆ ಆಗ ಎಂಟನೆಯ ತರಗತಿಯಲ್ಲಿದ್ದ ನನ್ನ ತಂಗಿ. ಅವಳು ಬಾಗಿಲ ಬಳಿ ನಿಂತು ನನಗೆ ಮಾತ್ರ ಕಾಣುವಂತೆ ಎರಡು ಕೈಗಳನ್ನೂ ಮೇಲೆತ್ತಿದಳು. ಅಂದಿನಿಂದ ನನ್ನ ಓದು ನನ್ನದಾಗಿ ಮಾತ್ರ ಉಳಿಯಲಿಲ್ಲ.

ಸಂಶೋಧನಾಲಯದ ಕೆಲಸವನ್ನು ಆದಷ್ಟು ಸರಳವಾಗಿ ಹೇಳಲು ಪ್ರಯತ್ನಿಸುತ್ತೇನೆ. ಚಂದ್ರನ ಕಲ್ಲೆಂದರೆ ಬಂಡೆಯಲ್ಲ. ವಿದೇಶದಿಂದ ಎರವಲು ಬಂದ, ಅಕ್ಕಿಯ ನುಚ್ಚಿಗಿಂತ ಸಣ್ಣ ಚೂರುಗಳು. ವಜ್ರದೊಳಗಿನ ಕಣ ಅದಕ್ಕಿಂತಲೂ ಸಣ್ಣದು. ಅವನ್ನು ಆಮ್ಲದಲ್ಲಿ ಕರಗಿಸಿ, ಸೀಸವನ್ನು ಬೇರ್ಪಡಿಸಿ, ಯಂತ್ರದಲ್ಲಿ ಅಳೆಯಬೇಕು. ಕರಗಿಸಿದ ಮೇಲೆ ಆ ಕಣ ಮುಗಿಯಿತು, ಮತ್ತೆ ಸಿಗುವುದಿಲ್ಲ. ಅದರಲ್ಲಿರುವ ಸೀಸ ಎಷ್ಟು ಕಡಿಮೆಯೆಂದರೆ, ಹೊರಗಿನ ಗಾಳಿಯ ಒಂದು ಧೂಳಿನ ಕಣ ಬಿದ್ದರೂ ಅಳತೆ ಪೂರ್ತಿ ಆ ಧೂಳಿನದ್ದೇ ಆಗುತ್ತದೆ. ಆದ್ದರಿಂದ ಒಳಕೋಣೆಗೆ ಹೋಗುವಾಗ ತಲೆಯಿಂದ ಪಾದದವರೆಗೆ ಬಿಳಿ ಉಡುಪು, ಬಾಯಿಗೆ ಮುಸುಕು, ಎರಡು ಜೊತೆ ಕೈಗವಸು. ಕಣ್ಣು ಮಾತ್ರ ಹೊರಗೆ.

ಮೊದಲ ರಜೆಯಲ್ಲಿ ಇದನ್ನು ವಿವರಿಸಿದಾಗ ತಂಗಿ ಬಿದ್ದು ಬಿದ್ದು ನಕ್ಕಳು. "ಇಲ್ಲಿ ಬುರ್ಖಾ ತೆಗೆದಿಟ್ಟು ಹೋದದ್ದು ಅಲ್ಲಿ ಬುರ್ಖಾ ಹಾಕ್ಲಿಕ್ಕಾ ಅಕ್ಕಾ? ಅದೂ ಬಿಳಿಯದ್ದು!"

ಬಾಪನಿಗೆ ತೂಕದ ಸಂಗತಿ ಬೇಕಿತ್ತು. ಒಂದು ಗ್ರಾಂ ತೂಕವನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದನ್ನು ತೆಗೆದುಕೊಂಡು, ಅದನ್ನು ಇನ್ನೂ ಲಕ್ಷ ಪಾಲು ಮಾಡಬೇಕೆಂದು ಹೇಳಿದೆ. "ಅಷ್ಟು ಸಣ್ಣ ಕಲ್ಲಿಗೆ ಮುದ್ರೆ ಹಾಕುವ ಆಫೀಸರ್ ಎಲ್ಲಿದ್ದಾನೆ ಮಾರಾಯ್ತಿ?" ಎಂದರು ಅವರು.

ಉಮ್ಮ ಕೇಳಿದ್ದು ಬೇರೆ. "ದಿನವಿಡೀ ಆ ಕೊಳವೆಯಲ್ಲಿ ನೋಡಿದರೆ ಕಣ್ಣು ಉರಿಯುವುದಿಲ್ಲವಾ?" ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಉರಿಯುತ್ತಿದ್ದುದು ನಿಜ. ಹೊರಡುವ ದಿನ ಅವರು ಹಿತ್ತಾಳೆಯ ಸುರ್ಮಾದಾನಿಯನ್ನು ತುಂಬಿಸಿ, ಬಟ್ಟೆಗಳ ನಡುವೆ ಇಟ್ಟರು. "ಶುಕ್ರವಾರ ತಪ್ಪಿಸಬೇಡ. ತಂಪಾಗ್ತದೆ," ಎಂದರು.

ಸಂಶೋಧನಾಲಯದ ಬಾಗಿಲಲ್ಲಿ ನಿಯಮಗಳ ಪಟ್ಟಿ ತೂಗುಹಾಕಿದ್ದರು. ಬಳೆ, ಉಂಗುರ, ಪೌಡರು, ಯಾವ ಸೌಂದರ್ಯ ಸಾಧನವೂ ಕೂಡದು. ನಾನು ಎಲ್ಲವನ್ನೂ ಅಕ್ಷರಶಃ ಪಾಲಿಸಿದೆ, ಕಿವಿಯೋಲೆಯನ್ನೂ ಬಿಟ್ಟೆ. ಸುರ್ಮಾ ಮಾತ್ರ ಆ ಪಟ್ಟಿಯಲ್ಲಿ ಸೇರುತ್ತದೆಂದು ನನಗೆ ತೋಚಲೇ ಇಲ್ಲ. ಅದು ನಮ್ಮಲ್ಲಿ ಅಲಂಕಾರವಲ್ಲ. ಶುಕ್ರವಾರದ ಸ್ನಾನದ ಹಾಗೆ, ನಮಾಝಿಗೆ ಮೊದಲು ಕೈಕಾಲು ತೊಳೆಯುವ ವುಝೂವಿನ ಹಾಗೆ, ಮಾಡಬೇಕಾದದ್ದು. ಹಬ್ಬದಂದು ಬಾಪನೂ ಹಚ್ಚಿಕೊಳ್ಳುವುದನ್ನು ಸೌಂದರ್ಯ ಸಾಧನವೆಂದು ಯಾರಾದರೂ ಎಣಿಸುವುದುಂಟೇ? ರಕ್ಷಣೆಯ ಕನ್ನಡಕವನ್ನೂ ಹಾಕಿಕೊಳ್ಳಬೇಕಿತ್ತು. ಮುಸುಕಿನ ಉಸಿರಿಗೆ ಅದು ಮಂಜಾಗುತ್ತದೆಂದು ಹೆಚ್ಚಾಗಿ ತೆಗೆದಿಡುತ್ತಿದ್ದೆ. ಇದನ್ನೂ ಒಪ್ಪಿಕೊಳ್ಳುವುದು ಸರಿ.

ಶನಿವಾರ, ಭಾನುವಾರಗಳಲ್ಲಿ ಯಾರೂ ಬಾಗಿಲು ತೆರೆಯುವುದಿಲ್ಲವೆಂದು, ಅತ್ಯಂತ ಅಪರೂಪದ ಕಣಗಳನ್ನು ಶುಕ್ರವಾರ ಮಧ್ಯಾಹ್ನದ ಮೇಲೆ ಆಮ್ಲದಲ್ಲಿ ಹಾಕಿ ಮುಚ್ಚಿಡುವುದು ನಮ್ಮ ಪದ್ಧತಿ. ಸೋಮವಾರ ಬೆಳಿಗ್ಗೆ ಕಣವಿಲ್ಲದ ಬರಿಯ ಆಮ್ಲವನ್ನು ಅದೇ ಕ್ರಮದಲ್ಲಿ ಅಳೆದು, ಕೋಣೆ ಶುದ್ಧವಾಗಿದೆಯೇ ಎಂದು ಪರೀಕ್ಷಿಸುತ್ತಿದ್ದೆವು. ಇದಕ್ಕೆ ಬ್ಲಾಂಕ್ ಎನ್ನುತ್ತಾರೆ. ಸೋಮವಾರದ ನನ್ನ ಬ್ಲಾಂಕುಗಳು ಸದಾ ಶುದ್ಧವಾಗಿದ್ದವು. ಸೋಮವಾರ ನನ್ನ ಕಣ್ಣಿನಲ್ಲಿ ಸುರ್ಮಾ ಇರುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ, ನನ್ನ ಮೂರನೆಯ ವರ್ಷದಲ್ಲಿ ಫಲಿತಾಂಶ ಬಂದಿತು. ಚಂದ್ರನ ಮೂರು ಚೂರುಗಳು, ವಜ್ರದೊಳಗಿನ ಎರಡು ಕಣಗಳು. ಐದರ ಸೀಸವನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿದಾಗ ಚುಕ್ಕೆಗಳೆಲ್ಲ ಒಂದರ ಮಗ್ಗುಲಲ್ಲೊಂದು ಬಂದು ಕುಳಿತವು. ಮೇಡಂ ಸ್ಟೂಲಿನ ಮೇಲೆ ಕುಳಿತು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. "ಮಾರಾಯ್ತಿ, ಇದು ನಿಜ ಆದ್ರೆ..." ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ಆ ವರ್ಷ ದೊಡ್ಡದೊಂದು ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು, ಪ್ರಬಂಧವನ್ನೂ ಕಳುಹಿಸಿದರು. ನನ್ನ ಹೆಸರು ಎರಡನೆಯದಾಗಿತ್ತು.

ನಾನು ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಮಾಡಿದೆ.

"ಚಂದ್ರ ಭೂಮಿಯದ್ದೇ ತುಂಡು ಅಂತ ಕಾಣ್ತದೆ, ಬಾಪ."

"ಕಂಡುಹಿಡಿದದ್ದು ನೀನಾ?"

"ಮೇಡಂ. ನಾನು ಕೈಕೆಲಸ ಮಾಡಿದ್ದು ಅಷ್ಟೆ."

"ಹಾಗಾದ್ರೆ ನೀನೇ. ತಕ್ಕಡಿ ಅಂಗಡಿಯವನದ್ದಾದ್ರೂ ಸರಿ ಮಾಡುವುದು ನಾನಲ್ಲವಾ?" ಎಂದು ಅವರು ಜೋರಾಗಿ ನಕ್ಕರು. ಹಿಂದಿನಿಂದ ತಂಗಿ ಕೂಗುತ್ತಿದ್ದುದು ಕೇಳಿಸಿತು: "ಕಾಲೇಜಿನ ಅರ್ಜಿ ತಂದಿಡ್ಲಿಕ್ಕೆ ಹೇಳಕ್ಕಾ!"

ಆರು ತಿಂಗಳ ಅನಂತರ, ಪ್ರಬಂಧ ಅಚ್ಚಾಗುವ ಮೊದಲು, ಉಳಿದಿದ್ದ ಒಂದೇ ಚೂರನ್ನು ಇನ್ನೊಬ್ಬ ವಿದ್ಯಾರ್ಥಿಯ ಕೈಯಲ್ಲಿ ಕರಗಿಸಿ ನೋಡಿದರು. ಅವನು ಮಂಗಳವಾರ ಕೆಲಸ ಮಾಡಿದ. ಆ ಬೆರಳಚ್ಚು ಬರಲಿಲ್ಲ. ಚಂದ್ರನ ಕಲ್ಲಿನಲ್ಲಿ ಅಷ್ಟು ಸೀಸವೇ ಇರಲಿಲ್ಲ.

ಮೇಡಂ ನನ್ನನ್ನು ಕರೆದು ಬಾಗಿಲು ಮುಚ್ಚಿದರು. "ನಿನ್ನ ಕೈಯಲ್ಲಿ ಮಾತ್ರ ಯಾಕೆ ಬರ್ತದೆ? ಯೋಚನೆ ಮಾಡು. ಸೀಸ ಎಲ್ಲಿಂದ ಬಂತು?"

ಆಗ ನನಗೆ ನೆನಪಾದದ್ದು ಬಾಪ. ಪ್ರವೇಶದ ಅರ್ಜಿಯಲ್ಲಿ ತಂದೆಯ ವೃತ್ತಿಯ ಮುಂದೆ ನಾನು 'ವ್ಯಾಪಾರ' ಎಂದು ಬರೆದಿದ್ದೆ. ಸೀಸ ಕರಗಿಸುವವರ ಮಗಳೆಂದು ಬರೆಯಲು ನಾಚಿದ್ದೆ. ಅಂದು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ನನ್ನ ಬಟ್ಟೆ, ಪೆಟ್ಟಿಗೆ, ಕೂದಲು, ಎಲ್ಲದರಲ್ಲಿಯೂ ಜಗಲಿಯ ಸೀಸದ ಧೂಳೇ ಬಂದಿರಬೇಕು ಎಂದೆ. ಅದೇ ದಿನ ಮನೆಗೂ ಫೋನು ಮಾಡಿ, ಅವರು ಹೊಯ್ಯುವ ಸೀಸದ ಒಂದು ತುಂಡನ್ನು ಅಂಚೆಯಲ್ಲಿ ಕಳುಹಿಸಲು ಹೇಳಿದೆ. ಯಾಕೆಂದು ಬಾಪ ಕೇಳಿದರು. ಸಂಶಯವನ್ನು ಮೆತ್ತಗೆ ಹೇಳುವ ವಿಧಾನ ನನಗೆ ತಿಳಿಯಲಿಲ್ಲ. "ನಿಮ್ಮ ಸೀಸದಿಂದ ನನ್ನ ಕೆಲಸ ಹಾಳಾಯಿತು ಅಂತ ಕಾಣ್ತದೆ," ಎಂದುಬಿಟ್ಟೆ.

ಸೀಸದ ತುಂಡಿನ ಜೊತೆಗೆ ತಂಗಿಯ ಕಾಗದ ಬಂದಿತು. "ಬಾಪ ಒಲೆಯನ್ನು ನಂದಿಸಿದ್ದಾರೆ. ಸೀಸ ಹಾಕುವ ಕೆಲಸವೇ ಬೇಡ ಅಂತ ವ್ಯಾಪಾರಿಗಳನ್ನು ತಿರುಗಿ ಕಳಿಸ್ತಾರೆ. ನಿನ್ನ ಹಳೆಯ ಕಾಗದ ಮುಟ್ಟುವ ಮೊದಲು ಸಾಬೂನು ಹಾಕಿ ಕೈ ತೊಳೀತಾರೆ. ಅದು ಅವರೇ ಅಲ್ಲ ಅಂತ ಬೇಗ ಬರಿ ಅಕ್ಕಾ."

ಅಳೆದು ನೋಡಿದೆವು. ಅದು ಬಾಪನ ಸೀಸ ಆಗಿರಲಿಲ್ಲ. ಬೆರಳಚ್ಚು ಪೂರ್ತಿ ಬೇರೆ. ಫೋನಿನಲ್ಲಿ ತಿಳಿಸಿದಾಗ ಅವರು, "ಹಾಗಾದ್ರೆ ನಾನಲ್ಲ ಅಲ್ವಾ," ಎಂದರು. ಫೋನು ಇಡುವ ಮೊದಲು ಮತ್ತೊಮ್ಮೆ, "ನಾನಲ್ಲ ಅಲ್ವಾ ಮಗಳೇ?" ಎಂದು ಕೇಳಿದರು. ಆ ಪ್ರಶ್ನೆಗೆ ನಾನಿಂದಿಗೂ ಮನಸ್ಸಿನಲ್ಲಿ ಉತ್ತರ ಹೇಳುತ್ತಿರುತ್ತೇನೆ.

ಆ ವರ್ಷದ ಹಬ್ಬಕ್ಕೆ ನಾನು ಊರಿಗೆ ಬಂದೆ. ಹಬ್ಬದ ಮುಂಚಿನ ದಿನ ಮಧ್ಯಾಹ್ನ ಉಮ್ಮ ಹಿಂದಿನ ಬಾಗಿಲ ಬೆಳಕಿನಲ್ಲಿ ಕುಳಿತು ಸುರ್ಮಾ ಕಲ್ಲನ್ನು ಒಡೆಯುತ್ತಿದ್ದರು. ನಾನು ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಒಂದು ಚೂರು ಸಿಡಿದು ನನ್ನ ಮಣೆಯ ಮೇಲೆ ಬಂದು ಬಿದ್ದಿತು. ಪುಟ್ಟ, ಹೊಳೆಯುವ ಚೌಕ. ನಾಲ್ಕು ಮೂಲೆಗಳೂ ನೇರ. ನಾನು ಚಾಕು ಕೆಳಗಿಟ್ಟು ಅದನ್ನು ಎತ್ತಿಕೊಂಡೆ. ಮೂಡುಬಿದಿರೆಯ ಆ ಮಧ್ಯಾಹ್ನದ ಭಾರ ಹಾಗೆಯೇ ಅಂಗೈಗೆ ಬಂದು ಕುಳಿತಿತು.

"ಉಮ್ಮಾ, ಇದರದ್ದು ಒಂದು ತುಂಡು ನನಗೆ ಬೇಕು."

"ಒಂದು ಎಂತಕ್ಕೆ? ಪುಡಿ ಮಾಡಿಯೇ ಕೊಡ್ತೇನೆ," ಎಂದರು ಅವರು, ಮುಖವೆಲ್ಲ ಅರಳಿಸಿ. "ನಿನ್ನ ಮೇಡಂಗೂ ತೆಗೆದುಕೊಂಡು ಹೋಗು. ಪಾಪ, ಅವರದ್ದೂ ಕಣ್ಣೇ ಅಲ್ವಾ?"

ಮರುದಿನ ಹಬ್ಬದ ಬೆಳಿಗ್ಗೆ ಅವರು ಸುರ್ಮಾ ಹಚ್ಚುವ ಕಡ್ಡಿ ಹಿಡಿದು ನನ್ನ ಮುಂದೆ ಕುಳಿತಾಗ ಬೇಡವೆನ್ನಲು ನನ್ನಿಂದಾಗಲಿಲ್ಲ. ಮುಖವೆತ್ತಿ ಕುಳಿತೆ.

ಸಂಶೋಧನಾಲಯದಲ್ಲಿ ಆ ಚೂರನ್ನು ಕರಗಿಸಿ ಅಳೆದು, ನಕ್ಷೆಯಲ್ಲಿ ಆರನೆಯ ಚುಕ್ಕೆ ಇಟ್ಟೆ. ಅದು ಉಳಿದ ಐದು ಚುಕ್ಕೆಗಳ ನಡುವೆಯೇ ಹೋಗಿ ಕುಳಿತಿತು. ಚಂದ್ರನಿಗೂ ಭೂಮಿಯ ಆಳಕ್ಕೂ ನಾವು ಕಂಡ ನಂಟು, ಪಾಣೆಮಂಗಳೂರಿನ ಹಿತ್ತಾಳೆಯ ಸುರ್ಮಾದಾನಿಯಲ್ಲಿತ್ತು.

ಮೇಡಂ ಬೈಯುವರೆಂದು ಕಾದೆ. ಬೈದಿದ್ದರೆ ಬದುಕುವುದು ಸುಲಭವಾಗುತ್ತಿತ್ತು. ಅವರು ನಕ್ಷೆಯನ್ನು ಮಡಚಿದರು. "ಬ್ಲಾಂಕನ್ನು ಅದೇ ದಿನ ಮಾಡಿಸಬೇಕಿತ್ತು. ಅದು ನನ್ನ ತಪ್ಪು," ಎಂದರು. ಬಳಿಕ, "ನೀನು ಬಿ.ಎಸ್ಸಿ.ಯಲ್ಲಿ ಗ್ಯಾಲಿನಾ ನೋಡಿರ್ಲಿಲ್ಲವಾ?" ಎಂದು ಕೇಳಿದರು.

"ನೋಡಿದ್ದೆ ಮೇಡಂ. ಗುರುತೂ ಸಿಕ್ಕಿತ್ತು. ಹೇಳಲಿಲ್ಲ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ದೂರದಿಂದ ಏನನ್ನೋ ನೋಡುವವರ ಹಾಗೆ ನೋಡಿದರು.

ಪ್ರಬಂಧವನ್ನು ಹಿಂದಕ್ಕೆ ಪಡೆದರು. ಎರವಲು ಕೊಟ್ಟವರು ಇನ್ನು ಚಂದ್ರನ ಚೂರು ಕೊಡುವುದಿಲ್ಲವೆಂದರು. ಅಂಥ ಕಣಗಳಿರುವ ವಜ್ರ ಮತ್ತೆ ಸಿಗಲಿಲ್ಲ. ನನ್ನ ಶಿಷ್ಯವೇತನದ ಅವಧಿ ಮುಗಿದಾಗ ಪಿಎಚ್.ಡಿ. ಪ್ರಬಂಧವಾಗಿ ಬರೆಯಲು ನನ್ನ ಬಳಿ ಒಂದೂ ಅಳತೆ ಉಳಿದಿರಲಿಲ್ಲ. ಮೇಡಂ ನಿವೃತ್ತಿಗೆ ಸಮೀಪವಾಗಿದ್ದರು. ತಮ್ಮ ಪ್ರಶ್ನೆಗೆ ಉತ್ತರ ಸಿಗದೆಯೇ ಹೊರಟುಹೋದರು. ಅವರ ಉತ್ತರವನ್ನು ನಾನೇ ಕರಗಿಸಿ ಚೆಲ್ಲಿದ್ದೆ.

ಡಾಕ್ಟರ್ ಆಗದೆಯೇ, ಎರಡು ದಿನ ರೈಲಿನಲ್ಲಿ ಕುಳಿತು ಮನೆಗೆ ಬಂದೆ. ತಂಗಿಯ ದ್ವಿತೀಯ ಪಿ.ಯು.ಸಿ. ಫಲಿತಾಂಶ ಅದೇ ವಾರ ಬಂದಿತ್ತು, ಪ್ರಥಮ ದರ್ಜೆ. ಮೂಡುಬಿದಿರೆಯ ಕಾಲೇಜಿನ ಅರ್ಜಿ ಬಾಪನ ತೂಕದ ಕಲ್ಲುಗಳ ಪೆಟ್ಟಿಗೆಯಲ್ಲಿ, ಮಡಿಕೆ ಬೀಳದ ಹಾಗೆ ಎರಡು ರಟ್ಟುಗಳ ನಡುವೆ ಇತ್ತು. ಜಗಲಿಯಲ್ಲಿ ಇಬ್ಬರು ಚಿಕ್ಕಪ್ಪಂದಿರು ಕುಳಿತಿದ್ದರು.

"ಎಂತ, ಡಾಕ್ಟರಮ್ಮ ಬಂದರಾ?" ಎಂದರು ಒಬ್ಬರು. "ಚಂದ್ರನಿಂದ ಎಂತ ತಂದದ್ದು?"

ಬಾಪ ಅವರ ಕಡೆ ನೋಡಲಿಲ್ಲ. "ಯಾರ ಸೀಸ ಅಂತ ಗೊತ್ತಾಯ್ತಾ?" ಎಂದು ನನ್ನನ್ನು ಕೇಳಿದರು.

ಯಂತ್ರ ಕೆಟ್ಟಿತೆಂದು ಹೇಳಬಹುದಿತ್ತು. ದಾರಿಯುದ್ದಕ್ಕೂ ಆ ವಾಕ್ಯವನ್ನೇ ಕಟ್ಟಿಕೊಂಡು ಬಂದಿದ್ದೆ. ಆದರೆ ಎದುರಿಗಿದ್ದವರು ಬಾಪ. ತೂಕದ ವಿಷಯದಲ್ಲಿ ಅವರಿಗೆ ಸುಳ್ಳು ಹೇಳಲಾಗಲಿಲ್ಲ. ಕಲ್ಲಿನ ಕತೆಯನ್ನು ಮೊದಲಿನಿಂದ ಹೇಳಿದೆ. ಸೀಸ ಕಣ್ಣಿಗೂ ಮೈಗೂ ಒಳ್ಳೆಯದಲ್ಲ, ಮಕ್ಕಳಿಗಂತೂ ಕೂಡದು ಎಂಬುದನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಒಳಬಾಗಿಲಲ್ಲಿ ಉಮ್ಮ ಚಹಾದ ತಟ್ಟೆ ಹಿಡಿದು ನಿಂತಿದ್ದರು.

"ನಾನು ಹಚ್ಚು ಅಂದದ್ದು," ಎಂದರು ಅವರು. ತಮಗೆ ತಾವೇ ಹೇಳಿಕೊಂಡದ್ದು ಅದು.

"ಉಮ್ಮಾ, ತಪ್ಪು ನನ್ನದು. ನನಗೆ ಗೊತ್ತಿರಬೇಕಿತ್ತು."

"ನಿಮ್ಮ ಕಣ್ಣಿಗೆಲ್ಲ ನಾನೇ ಹಚ್ಚಿದ್ದು. ಹುಟ್ಟಿದ ಏಳನೇ ದಿನದಿಂದ."

ತಟ್ಟೆಯನ್ನು ಕೆಳಗಿಟ್ಟು ಉಮ್ಮ ಒಳಗೆ ಹೋದರು. ಚಿಕ್ಕಪ್ಪಂದಿರೂ ಎದ್ದು ಹೋದ ಮೇಲೆ ಬಾಪ ಅರ್ಜಿಯನ್ನು ಪೆಟ್ಟಿಗೆಯಿಂದ ತೆಗೆದು ತಂಗಿಯ ಕೈಗೆ ಕೊಟ್ಟರು. ತುಂಬಿಸಲಿಕ್ಕೆಂದು ಅವಳು ಪೆನ್ನು ತಂದಳು. "ತುಂಬಿಸುವುದು ಬೇಡ, ಹಾಗೇ ಇಟ್ಟುಕೋ ಮಗಳೇ," ಎಂದರು ಅವರು. "ನನ್ನ ಹತ್ತಿರ ಜವಾಬು ಇಲ್ಲ."

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಯನ್ನು ಹೇಳಿ ನಿಲ್ಲಿಸುತ್ತೇನೆ. ತಂಗಿ ಕಾಲೇಜಿಗೆ ಹೋಗಲಿಲ್ಲ. ಮರುವರ್ಷ ಬೆಳ್ತಂಗಡಿಗೆ ಮದುವೆ ಮಾಡಿ ಕೊಟ್ಟರು. ನಾನು ಅದೇ ಊರಿನ ಒಂದು ಪಿ.ಯು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ತಂಗಿಯ ಮನೆ ನಡೆದು ಹೋಗುವಷ್ಟು ಹತ್ತಿರ. ಅವಳು ನನ್ನನ್ನು ಒಮ್ಮೆಯೂ ದೂರಲಿಲ್ಲ, ಓದಿನ ಮಾತನ್ನೂ ಎತ್ತಲಿಲ್ಲ. ಬಾಪ ನಂದಿಸಿದ ಒಲೆಯನ್ನು ಮತ್ತೆ ಹೊತ್ತಿಸಲಿಲ್ಲ. ಉಮ್ಮ ಸುರ್ಮಾ ಕಲ್ಲನ್ನು ಎಲ್ಲಿ ಹಾಕಿದರೆಂದು ಯಾರಿಗೂ ಹೇಳಿಲ್ಲ. ತಂಗಿಯ ಮಗು ಹುಟ್ಟಿದ ಏಳನೆಯ ದಿನ ಅದನ್ನು ಅವರ ಮಡಿಲಲ್ಲಿ ಇಟ್ಟಾಗ, ಅವರು ಎರಡು ಕೈಗಳನ್ನೂ ಹಿಂದಕ್ಕೆ ಎಳೆದುಕೊಂಡು, ಮಗುವಿನ ಮುಖವನ್ನು ನೋಡುತ್ತಾ ಕುಳಿತರು. ಅದರ ಕಣ್ಣಿಗೆ ಯಾರೂ ಏನನ್ನೂ ಹಚ್ಚಲಿಲ್ಲ.